ಚೀಲ ಎಣಿಸುವುದೋ, ದಿನ ಎಣಿಸುವುದೋ? ಕರಾವಳಿಯ ಸಿಎ ವಿದ್ಯಾರ್ಥಿಗಳ ಆಡಿಟ್–ಟ್ಯಾಕ್ಸ್ ಗೊಂದಲ

ನಮ್ಮ ಕಡೆ ರಿಟರ್ನ್ ಹಾಕಿಕೊಡುವವರಿಗೂ ‘ಆಡಿಟರ್ರು’ ಅಂತಲೇ ಹೆಸರು. ಬಂದರಿನ ವ್ಯಾಪಾರಿಗೆ ಜಿಎಸ್‌ಟಿ ನೋಟಿಸು ಬಂದರೆ ಆಡಿಟರ್ ಹತ್ತಿರ ಓಡುತ್ತಾರೆ. ಮಲ್ಪೆಯ ಬೋಟ್ ಮಾಲೀಕರಿಗೆ ಬ್ಯಾಂಕ್ ಸಾಲಕ್ಕೆ ಬ್ಯಾಲೆನ್ಸ್ ಶೀಟ್ ಬೇಕಾದರೂ ಅಲ್ಲಿಗೇ. ಆ ‘ಆಡಿಟರ್’ ವರ್ಷದಲ್ಲಿ ಎಷ್ಟು ದಿನ ನಿಜವಾಗಿ ಆಡಿಟ್ ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವರಿಗೇ ನಗು ಬಂದೀತು.

ಮೊನ್ನೆ ಕಟಪಾಡಿಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಸಿಎ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾಗಿದೆ, ಇನ್ನು ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಆಫೀಸಿನ ಕಡ್ಡಾಯ ತರಬೇತಿಗೆ ಸೇರಬೇಕು. “ಅಣ್ಣ, ಆಡಿಟ್ ತಗೊಳ್ಳಲಾ, ಟ್ಯಾಕ್ಸ್ ತಗೊಳ್ಳಲಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಮಾರಾಯ್ರೆ.” ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಈಗ ಅದಕ್ಕೆ ಸ್ವಲ್ಪ ಅವಸರವೂ ಸೇರಿಕೊಂಡಿದೆ. 2023ರ ಜುಲೈ 1ರಿಂದ ಬಂದ ಹೊಸ ಸ್ಕೀಮಿನಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ನಮ್ಮ ಕಾಲದಲ್ಲಿ ಒಂದು ವರ್ಷ ವೌಚಿಂಗ್ (ಬಿಲ್ಲು, ಲೆಕ್ಕ ತಾಳೆ ನೋಡುವುದು) ಮಾಡಿ, ಮುಂದಿನ ವರ್ಷ ರಿಟರ್ನ್ ಹಾಕಿ, ಮೂರನೇ ವರ್ಷ ‘ನನಗೆ ಯಾವುದು ಆಗುತ್ತದೆ’ ಎಂದು ಯೋಚಿಸುವಷ್ಟು ಪುರಸೊತ್ತು ಇತ್ತು. ಈಗ ಅದಿಲ್ಲ. ಆ ಎರಡು ವರ್ಷದಲ್ಲೇ ಕೊನೆಯ ಕೆಲವು ತಿಂಗಳು ಇಂಡಸ್ಟ್ರಿಯಲ್ ಟ್ರೈನಿಂಗ್‌ಗೆ ಹೋದರೆ, ಸಿಎ ಆಫೀಸಿನಲ್ಲಿ ಕೂರುವುದು ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಂಗಳೂರು, ಉಡುಪಿಯಲ್ಲೇ ಇದ್ದು ಟ್ಯಾಕ್ಸ್‌ನಲ್ಲಿ ಗಟ್ಟಿಯಾಗಬಹುದು. ಆಡಿಟ್‌ನಲ್ಲಿ ಗಟ್ಟಿಯಾಗಬೇಕಾದರೆ ಸ್ವಲ್ಪ ಕಾಲವಾದರೂ ಊರು ಬಿಡಬೇಕು. ಇದನ್ನು ಒಪ್ಪದವರು ನಮ್ಮಲ್ಲೇ ಇದ್ದಾರೆ. ನಾನು ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಮ್ಮ ಸಣ್ಣ ಆಫೀಸುಗಳಲ್ಲಿ ಆಡಿಟ್ ಅಂತ ನಡೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಒಳಗಿಂದ ಟ್ಯಾಕ್ಸೇ.

ಟ್ಯಾಕ್ಸ್ ಆಡಿಟ್ ಎಂಬ ಹೆಸರನ್ನೇ ನೋಡಿ. ವ್ಯಾಪಾರದ ವಹಿವಾಟು 1 ಕೋಟಿ ದಾಟಿದರೆ ಟ್ಯಾಕ್ಸ್ ಆಡಿಟ್ ಬೇಕು. ನಗದಿನ ಕೊಡುಕೊಳ್ಳು 5%ಗಿಂತ ಹೆಚ್ಚಿಲ್ಲದಿದ್ದರೆ ಆ ಮಿತಿ 10 ಕೋಟಿ. ವರದಿಯಲ್ಲಿ ತುಂಬುವುದೆಲ್ಲ ಇಲಾಖೆಗೆ ಬೇಕಾದ ವಿವರ: ಯಾರಿಗೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಡುವ ತೆರಿಗೆ) ಕಡಿದಿಲ್ಲ, ಯಾವ ಖರ್ಚು ನಗದಿನಲ್ಲಿ ಹೋಯಿತು, ಪಿಎಫ್ ತಡವಾಗಿ ಕಟ್ಟಿದ್ದು ಎಷ್ಟು. ‘ಈ ಲೆಕ್ಕಪತ್ರ ನಿಜವಾ?’ ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಸಮಯ ಕಡಿಮೆ. ದೇವಸ್ಥಾನ, ಚರ್ಚ್, ಶಾಲೆ ನಡೆಸುವ ಟ್ರಸ್ಟ್‌ಗಳ ಆಡಿಟ್ ಕೂಡ ಕೊನೆಗೆ ಬಂದು ನಿಲ್ಲುವುದು ತೆರಿಗೆ ವಿನಾಯಿತಿ ಉಳಿಸಿಕೊಳ್ಳುವಲ್ಲಿ. ಹೀಗಿರುವ ಆಫೀಸಿನಲ್ಲಿ ಎರಡು ವರ್ಷ ಕಳೆದು, ಬೆಂಗಳೂರಿನ ದೊಡ್ಡ ಫರ್ಮ್‌ನ ಸಂದರ್ಶನದಲ್ಲಿ “ನಾನು ಆಡಿಟ್ ಮಾಡಿದ್ದೇನೆ” ಅಂದವರು, “ಸ್ಯಾಂಪಲ್ ಹೇಗೆ ಆರಿಸಿದಿರಿ? ವರ್ಕಿಂಗ್ ಪೇಪರ್‌ನಲ್ಲಿ ಏನು ಬರೆದಿರಿ?” ಎಂಬ ಎರಡೇ ಪ್ರಶ್ನೆಗೆ ಸುಸ್ತಾದದ್ದನ್ನು ನೋಡಿದ್ದೇನೆ. ತಪ್ಪು ಆ ಹುಡುಗರದ್ದಲ್ಲ. ಅವರು ಮಾಡಿದ್ದಕ್ಕೆ ಊರಲ್ಲಿ ಆ ಹೆಸರು, ಅಷ್ಟೇ.

ಹಾಗಾದರೆ ನಿಜವಾದ ಆಡಿಟ್ ಅಂದರೆ ಏನು? ನನಗೆ ಅದು ಗೊತ್ತಾದದ್ದು ಪುಸ್ತಕದಿಂದಲ್ಲ, ಕಾರ್ಕಳ ಕಡೆಯ ಒಂದು ಗೇರುಬೀಜದ ಗೋಡೌನಿನಲ್ಲಿ. ಮಾರ್ಚ್ 31ರ ಬೆಳಿಗ್ಗೆ. ಹೊರಗೆ ಬಿಸಿಲು, ಒಳಗೆ ಅದಕ್ಕಿಂತ ಸೆಕೆ. ಗೋಣಿಯ ಧೂಳು ಮೂಗಿಗೆ. 80 ಕಿಲೋದ ಚೀಲಗಳನ್ನು ಮಾಡಿನ ತನಕ ಜೋಡಿಸಿಟ್ಟಿದ್ದರು. ಗೋಡೌನಿನ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಚೀಟಿ ಹಿಡಿದು ಹೇಳಿದರು: “ಅಡ್ಡಕ್ಕೆ 14, ಉದ್ದಕ್ಕೆ 20, ಎತ್ತರಕ್ಕೆ 9. ಗುಣಿಸಿ ಸರ್, 2,520 ಆಗ್ತದೆ. ಊಟಕ್ಕೆ ಹೋಗುವ.” ನಾನು ಗುಣಿಸಿದೆ. ಸರಿಯಾಗಿತ್ತು. ಬರೆದುಕೊಂಡೆ. ನನ್ನ ಸೀನಿಯರ್ ಮಾತ್ರ ಚೀಟಿ ನೋಡಲೇ ಇಲ್ಲ. “ಮೇಲೆ ಹತ್ತು” ಅಂದರು. ಅಂಗಿ ಹಾಳಾಗುತ್ತದೆ ಎಂದು ಗೊಣಗುತ್ತಾ ಹತ್ತಿದೆ. ಮೇಲೆ ಹೋಗಿ ನೋಡಿದರೆ ನಡುವೆ ಬಾವಿಯ ಹಾಗೆ ಖಾಲಿ. ಅಡ್ಡಕ್ಕೆ 4, ಉದ್ದಕ್ಕೆ 6 ಚೀಲದಷ್ಟು ಜಾಗ, ಕೆಳಗಿನ ತನಕ ಬರೀ ಕತ್ತಲೆ. 216 ಚೀಲ ಇಲ್ಲ. ಅಂದರೆ 17 ಟನ್‌ಗಿಂತ ಜಾಸ್ತಿ.

ಮಾಲೀಕರು ಮೋಸ ಮಾಡಲು ಹೊರಟವರೇನಲ್ಲ. ಬೀಜ ಬಿಸಿಯಾಗಬಾರದು, ಗಾಳಿಯಾಡಬೇಕು ಎಂದು ಕೆಲಸದವರು ಹಾಗೆ ಬಿಟ್ಟಿದ್ದರು. ಆದರೆ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಆ ಗಾಳಿಯೂ ಚೀಲವೇ ಆಗಿತ್ತು. ಅದರ ಮೇಲೆ ಸಾಲವೂ ಸಿಕ್ಕಿತ್ತು. ಕೆಳಗಿಳಿದಾಗ ರೈಟರ್ ನನ್ನ ಮುಖ ನೋಡಲಿಲ್ಲ. ಊಟಕ್ಕೂ ಕರೆಯಲಿಲ್ಲ.

ಇದೇ ಆಡಿಟ್. ಎದುರಿಗಿರುವವರು ಒಳ್ಳೆಯವರೇ ಇರಬಹುದು, ನಿಮಗೆ ಚಾ ಕೊಟ್ಟಿರಬಹುದು, ಆದರೂ ಮೇಲೆ ಹತ್ತಿ ನೋಡಬೇಕು. ಹತ್ತದಿದ್ದರೆ ಏನಾಗುತ್ತದೆ ಎಂಬುದು ದೇಶಕ್ಕೇ ಗೊತ್ತಾದದ್ದು 2009ರ ಜನವರಿ 7ರಂದು. ಸತ್ಯಂ ಎಂಬ ದೊಡ್ಡ ಐಟಿ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಾವಾಗಿ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ ಸಾವಿರಾರು ಕೋಟಿ ಬ್ಯಾಂಕ್ ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಬ್ಯಾಂಕಿನಿಂದ ನೇರವಾಗಿ ಖಾತರಿ ಪತ್ರ ತರಿಸುವುದು ಆಡಿಟ್‌ನ ಮೊದಲ ಪಾಠಗಳಲ್ಲಿ ಒಂದು. ಅಷ್ಟು ದೊಡ್ಡ ಕಂಪನಿಯಲ್ಲೇ ಆ ಪಾಠ ಕೈಕೊಟ್ಟಿತ್ತು. ಆಮೇಲೆ ಕಾನೂನು ಬಿಗಿಯಾಗುತ್ತಾ ಬಂದಿದೆ. 2018ರಲ್ಲಿ ಎನ್ಎಫ್ಆರ್ಎ ಎಂಬ ಸರ್ಕಾರಿ ಸಂಸ್ಥೆ ಬಂತು, ದೊಡ್ಡ ಕಂಪನಿಗಳ ಆಡಿಟರ್‌ಗಳ ಮೇಲೆ ಕಣ್ಣಿಡುವುದೇ ಅದರ ಕೆಲಸ. 2019ರಿಂದ ನಾವು ಸಹಿ ಹಾಕುವ ಪ್ರತಿ ವರದಿಗೂ ಯುಡಿಐಎನ್ ಎಂಬ ಗುರುತಿನ ನಂಬರ್ ಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಎಂಟ್ರಿ ತಿದ್ದಿದರು ಎಂಬ ಜಾಡು ಉಳಿಯಲೇಬೇಕು, ಅದು ಉಳಿದಿದೆಯಾ ಎಂದು ಆಡಿಟರ್ ವರದಿಯಲ್ಲಿ ಹೇಳಬೇಕು. ಹಿಂದೆಲ್ಲ ಟ್ಯಾಲಿಯಲ್ಲಿ ಹಳೇ ತಾರೀಖಿಗೆ ಹೋಗಿ ಸುಮ್ನೆ ಒಂದು ಎಂಟ್ರಿ ತಿದ್ದಿ ಬರುತ್ತಿದ್ದ ಅಕೌಂಟೆಂಟ್‌ಗಳಿಗೆ ಈಗ ಅದೇ ತಲೆನೋವು.

ಇನ್ನು ಟ್ಯಾಕ್ಸ್. ಅದಕ್ಕೂ ಒಂದು ಘಟನೆ ಹೇಳಬೇಕು. ಕುಂದಾಪುರ ಕಡೆಯ ಒಂದು ಮನೆ 95 ಲಕ್ಷಕ್ಕೆ ಮಾರಾಟವಾಯಿತು. ಮಾರಿದವರು ದುಬೈನಲ್ಲಿ ಇಪ್ಪತ್ತು ವರ್ಷದಿಂದ ಇರುವವರು. ಕೊಂಡವರು ಊರಿನ ಅಂಗಡಿಯವರು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ಕೊಳ್ಳುವಾಗ 1% ಟಿಡಿಎಸ್ ಕಡಿಯಬೇಕು ಎಂದು ಅವರಿಗೆ ಗೊತ್ತಿತ್ತು. ಪಾಪ, ಪ್ರಾಮಾಣಿಕವಾಗಿ 95,000 ರೂಪಾಯಿ ಕಡಿದು ಕಟ್ಟಿದ್ದರು. ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು. ಸಮಸ್ಯೆ ಏನೆಂದರೆ ಆ 1% ಇರುವುದು ಮಾರುವವರು ಇಲ್ಲಿನ ನಿವಾಸಿಯಾಗಿದ್ದರೆ. ಅನಿವಾಸಿಯಾದರೆ ದೀರ್ಘಾವಧಿ ಲಾಭದ ಮೇಲಿನ ದರ 12.5%, ಅದರ ಮೇಲೆ ಸರ್ಚಾರ್ಜ್, ಸೆಸ್. ಲಾಭ ಇಷ್ಟೇ ಎಂದು ಇಲಾಖೆಯಿಂದ ಮೊದಲೇ ಕಡಿಮೆ ಕಡಿತದ ಸರ್ಟಿಫಿಕೇಟ್ ತರದಿದ್ದರೆ ಪೂರ್ತಿ ಬೆಲೆಯ ಮೇಲೆ ಕಡಿಯುವುದೇ ರೂಢಿ. ಅಂದರೆ 95 ಸಾವಿರ ಎಲ್ಲಿ, ಸರ್ಚಾರ್ಜ್, ಸೆಸ್ ಸೇರಿ ಸುಮಾರು 13.5 ಲಕ್ಷ ಎಲ್ಲಿ! ಕಡಿಯದಿದ್ದರೆ ಇಲಾಖೆ ಮೊದಲು ಹಿಡಿಯುವುದು ಕೊಂಡವರನ್ನು.

“ಅವರು ನಮ್ಮೂರಿನವರೇ ಅಲ್ವಾ ಸರ್, ಇಲ್ಲೇ ಮನೆ ಉಂಟು, ಆಧಾರ್ ಉಂಟು” ಅಂದರು ಕೊಂಡವರು. ತೆರಿಗೆ ಕಾನೂನಿಗೆ ಅದು ಯಾವುದೂ ಲೆಕ್ಕಕ್ಕಿಲ್ಲ. ಅದು ಮೊದಲು ಕೇಳುವುದು, ಆ ವರ್ಷ ಎಷ್ಟು ದಿನ ಭಾರತದಲ್ಲಿ ಇದ್ದರು ಎಂದು. ಪಾಸ್‌ಪೋರ್ಟ್ ತರಿಸಿ ಮುದ್ರೆಗಳನ್ನು ಎಣಿಸಿದೆವು. ಒಂದು ಮುದ್ರೆ ಮಾಸಿಹೋಗಿತ್ತು, ಅದಕ್ಕೆ ವಿಮಾನದ ಟಿಕೆಟ್ ಹುಡುಕಿಸಿದೆವು. ದೈವದ ನೇಮಕ್ಕೆ ಬಂದದ್ದು, ತಂಗಿಯ ಮದುವೆಗೆ ಬಂದದ್ದು, ಮನೆ ಮಾರಲು ಬಂದದ್ದು, ಎಲ್ಲ ಸೇರಿ 113 ದಿನ. 182 ದಿನದ ನಿಯಮ ಎಲ್ಲರಿಗೂ ಗೊತ್ತು. ಆದರೆ ಭಾರತದ ಆದಾಯ 15 ಲಕ್ಷ ದಾಟಿದವರು, ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಇಲ್ಲಿದ್ದರೆ, 120 ದಿನಕ್ಕೇ ನಿವಾಸಿ ಆಗಿಬಿಡುತ್ತಾರೆ. ಇವರು ಇನ್ನೊಂದು ವಾರ ನಿಂತಿದ್ದರೆ ಫೈಲಿನ ದಾರಿಯೇ ಬೇರೆಯಾಗಬಹುದಿತ್ತು. ನೋಡಿ, ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮನೆ ಇದೆ, ಹಣ ಬಂದಿದೆ, ಎಲ್ಲ ನಿಜ. ಆ ನಿಜವನ್ನು ಕಾನೂನು ಯಾವ ಹೆಸರಿನಿಂದ ಕರೆಯುತ್ತದೆ ಎನ್ನುವುದೇ ಪ್ರಶ್ನೆ.

ಗೋಡೌನಿನಲ್ಲಿ ಚೀಲ ಎಣಿಸಿದೆ, ಇಲ್ಲಿ ದಿನ ಎಣಿಸಿದೆ. ನನಗೆ ಎರಡನೆಯದೇ ಹಿಡಿಸಿತು. ನನ್ನ ಸೀನಿಯರ್‌ಗೆ ಮೊದಲನೆಯದು. ಅವರು ಈಗ ಬೆಂಗಳೂರಿನಲ್ಲಿದ್ದಾರೆ, ನಾನು ಇಲ್ಲೇ ಇದ್ದೇನೆ. ಅದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ.

ಯಾಕೆಂದರೆ ಈ ಕರಾವಳಿಯ ಬದುಕೇ ಟ್ಯಾಕ್ಸ್ ಪ್ರಶ್ನೆಗಳನ್ನು ಹುಟ್ಟಿಸುತ್ತದೆ. ಮನೆಗೊಬ್ಬರು ಗಲ್ಫ್‌ನಲ್ಲಿ. ಹಿತ್ತಿಲಲ್ಲಿ ಅಡಿಕೆ. ಒಣಗಿಸಿ ಸುಲಿದು ಮಾರಿದರೂ ರೈತನಿಗೆ ಅದು ಕೃಷಿ ಆದಾಯವೇ, ಏಕೆಂದರೆ ಮಾರುಕಟ್ಟೆಗೆ ಒಯ್ಯಲು ರೈತ ಸಾಮಾನ್ಯವಾಗಿ ಮಾಡುವ ಕೆಲಸ ಅದು. ಆದರೆ ಬೇರೆಯವರ ಅಡಿಕೆ ಕೊಂಡು ಸುಲಿಸಿ ಮಾರಿದರೆ ವ್ಯಾಪಾರ. ಜಿಎಸ್‌ಟಿಯಲ್ಲಿ ಹಸಿ ಅಡಿಕೆಗೆ ತೆರಿಗೆ ಇಲ್ಲ, ಒಣಗಿದ್ದಕ್ಕೆ 5%. ರೈತನಿಂದ ಸಿಪ್ಪೆ ಸಹಿತ ಗೇರುಬೀಜ ಕೊಂಡರೆ ತೆರಿಗೆ ಕಟ್ಟಬೇಕಾದದ್ದು ಮಾರಿದ ರೈತ ಅಲ್ಲ, ಕೊಂಡ ನೋಂದಾಯಿತ ವ್ಯಾಪಾರಿ. ಬೀಡಿ ಎಲೆಗೂ ಹಾಗೇ. ಒಂದೇ ತೋಟದ ಎರಡು ಬೆಳೆಗೆ ಎರಡು ನಿಯಮ! ಇದನ್ನೆಲ್ಲ ದೆಹಲಿಯಲ್ಲಿ ಕೂತವರು ಓದಿ ತಿಳಿಯಬೇಕು. ಪುತ್ತೂರಿನ ಹುಡುಗನಿಗೆ ಅಂಗಳದಲ್ಲೇ ಗೊತ್ತಿರುತ್ತದೆ.

ಇನ್ನೊಂದು ಬದಲಾವಣೆ ಊರಲ್ಲಿ ಇರುವವರಿಗೆ ಅನುಕೂಲವೇ ಆಗಿದೆ. ಹಿಂದೆ ಸ್ಕ್ರೂಟಿನಿ (ರಿಟರ್ನ್ ಬಗ್ಗೆ ಇಲಾಖೆಯ ವಿಚಾರಣೆ) ಬಂದರೆ ಪ್ರಿನ್ಸಿಪಾಲ್, ಅಂದರೆ ಆಫೀಸಿನ ಹಿರಿಯ ಸಿಎ, ಫೈಲು ಹಿಡಿದು ಅತ್ತಾವರದ ಇಲಾಖೆಯ ಕಟ್ಟಡಕ್ಕೆ ಹೋಗಿ, ಅಧಿಕಾರಿಯ ಎದುರು ಕೂತು ಮಾತಾಡಿ ಬರುತ್ತಿದ್ದರು. 2020ರ ಆಗಸ್ಟ್‌ನಿಂದ ಹೆಚ್ಚಿನ ಅಸೆಸ್‌ಮೆಂಟ್ ಫೇಸ್‌ಲೆಸ್. ಫೈಲು ಯಾವ ಊರಿನ ಯಾವ ಅಧಿಕಾರಿಯ ಮುಂದಿದೆ ಎಂದೇ ಗೊತ್ತಾಗುವುದಿಲ್ಲ. ಪರಿಚಯ, ನಗು, ‘ನಮ್ಮವರು’ ಎಂಬುದು ಯಾವುದೂ ನಡೆಯುವುದಿಲ್ಲ. ಬರೆದು ಕಳಿಸಿದ ಉತ್ತರವೇ ನಿಮ್ಮ ಮುಖ. ಚೆನ್ನಾಗಿ ಬರೆಯಬಲ್ಲವರು ಕುಂಜಿಬೆಟ್ಟಿನಲ್ಲಿ ಕೂತು ಸೂರತ್‌ನ ಕ್ಲೈಂಟ್‌ನ ಕೇಸ್ ನಡೆಸಬಹುದು. ಆಡಿಟ್ ಹಾಗಲ್ಲ, ಚೀಲ ಇರುವಲ್ಲಿಗೆ ಹೋಗಲೇಬೇಕು.

2026ರ ಏಪ್ರಿಲ್ 1ರ ತಾರೀಖನ್ನೂ ಮರೆಯಬಾರದು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಜಾರಿಯಾಗುವ ದಿನ ಅದು. 819 ಸೆಕ್ಷನ್ ಇದ್ದದ್ದು 536 ಆಗಿದೆ. ‘ಅಸೆಸ್‌ಮೆಂಟ್ ಇಯರ್’ ಹೋಗಿ ‘ಟ್ಯಾಕ್ಸ್ ಇಯರ್’ ಬಂದಿದೆ. ಉಳಿತಾಯದ ವಿನಾಯಿತಿಗೆ ಜೀವನವಿಡೀ 80ಸಿ, 80ಸಿ ಅಂದುಕೊಂಡಿದ್ದವರು ಈಗ 123 ಅನ್ನಬೇಕು. ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವರೂ ನಿನ್ನೆ ಸೇರಿದ ಆರ್ಟಿಕಲ್ ಹುಡುಗಿಯೂ ಒಂದೇ ಪುಸ್ತಕದ ಮೊದಲ ಪುಟ ತೆರೆಯುವ ಸಂದರ್ಭ ಪದೇ ಪದೇ ಬರುವುದಿಲ್ಲ. ಹಿರಿಯರ ಅನುಭವ ವ್ಯರ್ಥ ಎಂದಲ್ಲ. ಹಳೇ ವರ್ಷಗಳ ಕೇಸುಗಳು ಹಳೇ ಕಾಯ್ದೆಯಲ್ಲೇ ನಡೆಯುತ್ತವೆ, ತತ್ವಗಳೂ ಹೆಚ್ಚಿನವು ಅವೇ. ಆದರೂ ಟ್ಯಾಕ್ಸ್‌ಗೆ ಕಾಲಿಡಲು ಇದು ಒಳ್ಳೆಯ ಗಳಿಗೆ.

ಹಾಗೆಂದು ಟ್ಯಾಕ್ಸ್ ಅಂದರೆ ರಿಟರ್ನ್ ತುಂಬುವುದು ಎಂದುಕೊಂಡವರಿಗೆ ಮುಂದೆ ಕಷ್ಟ ಉಂಟು. ಬ್ಯಾಂಕ್ ಬಡ್ಡಿ, ಷೇರು, ಡಿವಿಡೆಂಡ್ ಎಲ್ಲ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಮೊದಲೇ ಬಂದು ಕೂತಿರುತ್ತದೆ. ಜಿಎಸ್‌ಟಿಯಲ್ಲಿ ಖರೀದಿಯ ಪಟ್ಟಿ 2ಬಿ ಎಂಬ ಫಾರ್ಮಿನಲ್ಲಿ ತಾನಾಗಿ ಬರುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಸಂಬಳದಾರರ ರಿಟರ್ನ್‌ಗೆ ಐನೂರು, ಸಾವಿರ ತೆಗೆದುಕೊಳ್ಳುವ ಕೆಲಸ ಇನ್ನೆಷ್ಟು ವರ್ಷ? ಜಾಸ್ತಿ ಇಲ್ಲ. ಅದೂ ಅಲ್ಲದೆ ಆ ಕೆಲಸದ ಪಂಚಾಂಗ ಬಹಳ ಕ್ರೂರ: ಪ್ರತಿ ತಿಂಗಳು 7ಕ್ಕೆ ಟಿಡಿಎಸ್, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. ಟ್ಯಾಕ್ಸ್ ಆಡಿಟ್‌ನ ಸೆಪ್ಟೆಂಬರ್ 30 ಹೆಚ್ಚಾಗಿ ನವರಾತ್ರಿಯ ಆಸುಪಾಸಿಗೇ ಬರುತ್ತದೆ. ಕುದ್ರೋಳಿಯ ದೀಪಾಲಂಕಾರ ನೋಡಲು ಊರೆಲ್ಲ ಹೊರಟಿರುವಾಗ ನಾವು ಪೋರ್ಟಲ್‌ನ ಮುಂದೆ ಕೂತು ಚಕ್ರ ತಿರುಗುವುದನ್ನು ನೋಡುತ್ತಿರುತ್ತೇವೆ. 2025ರಲ್ಲಿ ಆ ಗಡುವನ್ನು ಮೊದಲು ಅಕ್ಟೋಬರ್ 31ಕ್ಕೆ, ಆಮೇಲೆ ನವೆಂಬರ್ 10ಕ್ಕೆ ಮುಂದೂಡಿದರು. ಹಾಗಾಗಿ ಅದು ದೀಪಾವಳಿಯನ್ನೂ ತಿಂದಿತು.

ಆಡಿಟ್‌ಗೆ ಊರಲ್ಲಿ ಏನೂ ಇಲ್ಲ ಅಂದರೆ ಅದೂ ಪೂರ್ತಿ ನಿಜವಲ್ಲ. ಬ್ಯಾಂಕ್ ಇದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಈ ಸಣ್ಣ ಕರಾವಳಿ ಪಟ್ಟಿಯಲ್ಲಿ ಹುಟ್ಟಿದಷ್ಟು ಬ್ಯಾಂಕ್ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಸಿಎ ಪರಂಪರೆ ಬೆಳೆದದ್ದೂ ಅದರ ನೆರಳಲ್ಲೇ. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಮಣಿಪಾಲ, ಪಾಂಡೇಶ್ವರದ ಕೇಂದ್ರ ಕಚೇರಿಗಳು ಕೇಂದ್ರ ಕಚೇರಿಗಳಾಗಿ ಉಳಿಯಲಿಲ್ಲ. ಈಗ ಇಲ್ಲಿ ಕೇಂದ್ರ ಕಚೇರಿ ಇರುವುದು ಕರ್ಣಾಟಕ ಬ್ಯಾಂಕಿನದ್ದು. ಆದರೂ ಏಪ್ರಿಲ್ ಬಂತೆಂದರೆ ಬ್ರಾಂಚ್ ಆಡಿಟ್‌ಗೆ ಇಲ್ಲಿನ ಫರ್ಮ್‌ಗಳು ಹೊರಡುತ್ತವೆ. ಬಡ್ಡಿ ಅಥವಾ ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದ ಸಾಲ ಯಾವುದು, ವರ್ಷದ ಕೊನೆಯ ದಿನ ಹೊಸ ಸಾಲ ಕೊಟ್ಟು ಹಳೇದನ್ನು ಮುಚ್ಚಿದ್ದು ಎಲ್ಲಿ, ಚಿನ್ನದ ಸಾಲದ ಚೀಲದಲ್ಲಿ ಚಿನ್ನ ಇದೆಯಾ. ಮ್ಯಾನೇಜರ್ ಪಕ್ಕದಲ್ಲೇ ನಿಂತು “ಇದೊಂದು ಬಿಡಿ ಸರ್, ಪಾರ್ಟಿ ಒಳ್ಳೆಯವರು” ಅನ್ನುತ್ತಿರುತ್ತಾರೆ. ಊರಿನ ವಿದ್ಯಾರ್ಥಿಗೆ ಅಪ್ಪಟ ಆಡಿಟ್ ಕಲಿಯಲು ಸಿಗುವ ಹತ್ತು ಹನ್ನೆರಡು ದಿನ ಅದು. ಸಹಕಾರಿ ಸಂಘಗಳ ಆಡಿಟ್ ಕೂಡ ಒಳ್ಳೆಯ ಶಾಲೆ. ಅದನ್ನು ಸಣ್ಣ ಕೆಲಸ ಎಂದು ಮೂಗು ಮುರಿಯುವವರು ಒಂದು ಸಂಘದ ಸಾಲದ ಲೆಡ್ಜರ್ ತೆಗೆದು ನೋಡಲಿ.

ಸಂಬಳದ ಲೆಕ್ಕ ನಾನು ಹೇಳಲು ಹೋಗುವುದಿಲ್ಲ, ಅದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಹಣ ಬರುವ ದಾರಿ ಮಾತ್ರ ಎರಡರಲ್ಲೂ ಬೇರೆ. ಆಡಿಟ್ ಬೇಕಾಗಿರುವುದು ಕಾನೂನಿಗೆ, ಕ್ಲೈಂಟ್‌ಗಲ್ಲ. ಕಾನೂನು ಬೇಡ ಅಂದರೆ ಕೆಲಸವೇ ಹೋಗುತ್ತದೆ. ಜಿಎಸ್‌ಟಿ ವಾರ್ಷಿಕ ಲೆಕ್ಕಕ್ಕೆ ಸಿಎ ದೃಢೀಕರಣ ಬೇಕು ಎಂದಾಗ ಎಷ್ಟೋ ಆಫೀಸುಗಳು ಅದಕ್ಕೆಂದೇ ಜನ ತೆಗೆದುಕೊಂಡಿದ್ದವು. 2021ರ ಬಜೆಟ್ ಅದನ್ನು ತೆಗೆದುಹಾಕಿ, ವ್ಯಾಪಾರಿಯೇ ಸಹಿ ಹಾಕಿದರೆ ಸಾಕು ಎಂದಿತು. ಟ್ಯಾಕ್ಸ್‌ನಲ್ಲಿ ಕ್ಲೈಂಟ್ ಬರುವುದು ತನಗೇ ನೋವಾದಾಗ. ನೋವು ಇರುವ ತನಕ ಬರುತ್ತಾರೆ, ಫೀಸು ಮಾತ್ರ ನೋವು ಹೋದ ಮೇಲೆ ಚೌಕಾಸಿ ಮಾಡುತ್ತಾರೆ.

ಕಟಪಾಡಿಯ ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. ಸಂದರ್ಶನಕ್ಕೆ ಹೋದಾಗ “ಆಡಿಟ್ ಉಂಟಾ, ಟ್ಯಾಕ್ಸ್ ಉಂಟಾ” ಎಂದು ಕೇಳಬೇಡ, ಎಲ್ಲರೂ ಎರಡೂ ಉಂಟು ಅನ್ನುತ್ತಾರೆ ಅಂದೆ. ಕಳೆದ ಏಪ್ರಿಲ್‌ನಲ್ಲಿ ಬ್ಯಾಂಕ್ ಬ್ರಾಂಚ್ ಆಡಿಟ್‌ಗೆ ಹೋದ ಆರ್ಟಿಕಲ್ ಯಾರು, ಇಲಾಖೆಯ ನೋಟಿಸಿಗೆ ಮೊದಲ ಕರಡು ಬರೆಯುವವರು ಯಾರು, ಈ ಎರಡನ್ನೇ ಕೇಳು. ಅದೂ ಪ್ರಿನ್ಸಿಪಾಲ್ ಹತ್ತಿರ ಅಲ್ಲ, ಅಲ್ಲಿರುವ ಆರ್ಟಿಕಲ್‌ಗಳ ಹತ್ತಿರ ಕೇಳು.

ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ಮನೆಗೆ ಹತ್ತಿರದ ಆಫೀಸಿನಲ್ಲಿ ಕೇಳಿದಳಂತೆ. “ನೋಟಿಸಿಗೆ ಉತ್ತರ ಸರ್ ಬರೀತಾರೆ, ನಾವು ಅಪ್‌ಲೋಡ್ ಮಾಡ್ತೇವೆ” ಅಂದರಂತೆ. ಬ್ಯಾಂಕ್ ಆಡಿಟ್‌ಗೆ ಹುಡುಗರನ್ನು ಮಾತ್ರ ಕರೆದುಕೊಂಡು ಹೋಗುತ್ತಾರಂತೆ, ಹೊರಗಡೆ ಉಳಿಯಲು ಇರುತ್ತದಲ್ಲ ಎಂಬ ಕಾರಣ. ಅವಳ ದನಿಯಲ್ಲಿ ಸಿಟ್ಟಿತ್ತು. ನನಗೂ ಬಂತು. ಸೋಮವಾರ ಮಂಗಳೂರಿಗೆ, ಬಲ್ಮಠದ ಬೇರೊಂದು ಆಫೀಸಿಗೆ ಹೋಗುತ್ತಾಳೆ. ಬಸ್ಸಿನಲ್ಲಿ ಹೋಗಿ ಬರಲು ದಿನಕ್ಕೆ ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಈಗಲೇ ಲೆಕ್ಕ ಹಾಕಿ ಇಟ್ಟಿದ್ದಾಳೆ.